ತೋಡಿನ ಕಟ್ಟದ ಕೆಲಸ: ಹಿಂದಿನ ಅನುಭವ ಮುಂದಿನ ವರ್ಷಕ್ಕೆ ಉಳಿಯಬೇಕಾದರೆ?

ಪ್ರಶ್ನೆ (ಅಡಿಕೆ ಕೃಷಿಕ, ಬದಿಯಡ್ಕ):
ಮಾನ್ಯರೇ, ಮಳೆಗಾಲ ಮುಗಿದ ಬಳಿಕ ನಮ್ಮ ತೋಡಿಗೆ (ಸಣ್ಣ ಹೊಳೆಗೆ) ಅಕ್ಕಪಕ್ಕದ ಮನೆಯವರು ಸೇರಿ ಕಲ್ಲು, ಮಣ್ಣು ಹಾಗೂ ಸಿಲ್ಪಾಲಿನ್ ಪ್ಲಾಸ್ಟಿಕ್ ಹಾಳೆಯಿಂದ ತಾತ್ಕಾಲಿಕ ಕಟ್ಟ, ಅಂದರೆ ನೀರು ತಡೆಯುವ ಒಡ್ಡು, ಹಾಕುತ್ತೇವೆ. ಕೆಲವು ವರ್ಷ ಏಪ್ರಿಲ್‌ವರೆಗೂ ನೀರು ನಿಲ್ಲುತ್ತದೆ. ಕೆಲವು ವರ್ಷ ಜನವರಿಯಲ್ಲೇ ಬುಡದಿಂದ ಸೋರಿಹೋಗುತ್ತದೆ. ಹಿಂದಿನ ಸಲ ಏನು ಮಾಡಿದ್ದೆವು ಎಂಬುದರಲ್ಲೇ ಒಮ್ಮತವಿಲ್ಲದ ಕಾರಣ ಪ್ರತಿ ಸಲವೂ ಚರ್ಚೆ ಮೊದಲಿನಿಂದಲೇ ಆರಂಭವಾಗುತ್ತದೆ. ದೊಡ್ಡ ಯೋಜನೆಗಳನ್ನು ನಡೆಸುವವರು ಇದಕ್ಕೆ ಯಾವ ಕ್ರಮ ಅನುಸರಿಸುತ್ತಾರೆ?

ಉತ್ತರ (ನಿವೃತ್ತ ಎಂಜಿನಿಯರ್, ಕಾಸರಗೋಡು):
ಅಮೆರಿಕದ ಸೇನೆಯ ತರಬೇತಿಯಲ್ಲಿ ರೂಪುಗೊಂಡ ಸರಳ ಪದ್ಧತಿಯೊಂದಿದೆ. ಕೆಲಸ ಮುಗಿದೊಡನೆ ಎಲ್ಲರೂ ಕುಳಿತು, ಏನಾಗಬೇಕಿತ್ತು, ಏನಾಯಿತು, ಏಕೆ ಹಾಗಾಯಿತು, ಮುಂದೆ ಏನು ಮಾಡಬೇಕು ಎಂದು ಕೇಳಿಕೊಳ್ಳುತ್ತಾರೆ. ಯಾರ ತಪ್ಪು ಎಂಬ ಪ್ರಶ್ನೆಗೆ ಅಲ್ಲಿ ಎಡೆಯಿಲ್ಲ. ಅದನ್ನು ಕೇಳಿದರೆ ನಿಜ ಹೇಳುವವರು ಬಾಯಿ ಮುಚ್ಚಿಕೊಳ್ಳುತ್ತಾರೆ.

ಉತ್ತರ (ಮಂಜೇಶ್ವರ):
ಮೇಲಿನ ಮಾತನ್ನು ಒಪ್ಪುತ್ತೇನೆ, ಆದರೆ ಸೋತ ವರ್ಷವನ್ನಷ್ಟೇ ವಿಚಾರಿಸುವ ನಮ್ಮ ಅಭ್ಯಾಸ ಸಾಲದು. ಕೊಲಂಬಿಯಾ ಬಾಹ್ಯಾಕಾಶ ನೌಕೆಯ ದುರಂತವನ್ನೇ ನೋಡಿ. ಹೊರಗಿನ ಇಂಧನ ಟ್ಯಾಂಕಿನಿಂದ ಫೋಮ್ (ಶಾಖ ತಡೆಯುವ ಹೊದಿಕೆ) ಕಳಚಿ ಬೀಳುವುದು ಹಿಂದಿನ ಹಲವು ಹಾರಾಟಗಳಲ್ಲಿಯೂ ಕಂಡಿತ್ತು; ನೌಕೆಗಳು ಸುರಕ್ಷಿತವಾಗಿ ಮರಳಿದ್ದರಿಂದ ಅದನ್ನು ಸಹಿಸಬಹುದಾದ ದೋಷವೆಂದೇ ಎಣಿಸಲಾಯಿತು. 2003ರ ಫೆಬ್ರವರಿ 1ರಂದು ಅದೇ ದೋಷ ಏಳು ಮಂದಿಯ ಪ್ರಾಣ ತೆಗೆಯಿತು. ನೀರು ನಿಂತ ವರ್ಷ ನಿಮ್ಮ ಕಟ್ಟ ಗಟ್ಟಿಯಿತ್ತೋ, ಹಿಂಗಾರು ಮಳೆ ತಡವಾಗಿ ಬಂದು ತೋಡು ತುಂಬಿಸಿತ್ತೋ, ಇದನ್ನು ಬೇರ್ಪಡಿಸದೆ ಹಳೆಯ ಕ್ರಮವನ್ನೇ ಮುಂದುವರಿಸಿದರೆ ಗೆಲುವೇ ದಾರಿ ತಪ್ಪಿಸುತ್ತದೆ.

ಪ್ರಶ್ನೆ ಕೇಳಿದವರು:
ಸರಿಯಾದ ಮಾತು. ಕೊನೆಯ ಮಳೆಯ ದಿನಾಂಕವನ್ನು ನಮ್ಮಲ್ಲಿ ಯಾರೂ ಬರೆದಿಟ್ಟಿಲ್ಲ. ಇನ್ನು ಏನೇನು ಬರೆಯಬೇಕು?

ಉತ್ತರ (ನಿವೃತ್ತ ಎಂಜಿನಿಯರ್):
ಕಟ್ಟ ಹಾಕಿದ ದಿನವೇ ಬರೆಯಿರಿ. ಫಲಿತಾಂಶ ತಿಳಿದ ಮೇಲೆ ಬರೆದರೆ ನೆನಪು ಅದಕ್ಕೆ ತಕ್ಕಂತೆ ಬಾಗುತ್ತದೆ. ತಳದಲ್ಲಿ ಮರಳಿತ್ತೋ ಬಂಡೆಯಿತ್ತೋ, ಹಾಳೆಯ ಅಂಚನ್ನು ಎಷ್ಟು ಆಳಕ್ಕೆ ಹೂತಿರಿ, ಯಾವ ಕಡೆ ಸೋರಬಹುದೆಂದು ಅನುಮಾನವಿತ್ತು, ಇಷ್ಟು ಸಾಕು. ಮನಶ್ಶಾಸ್ತ್ರಜ್ಞ ಗ್ಯಾರಿ ಕ್ಲೈನ್ ಅವರ ಸಲಹೆಯೂ ಇಂಥದ್ದೇ: ಕೆಲಸ ಕೆಟ್ಟಿತೆಂದೇ ಮೊದಲು ಭಾವಿಸಿಕೊಂಡು ಕಾರಣಗಳನ್ನು ಪಟ್ಟಿಮಾಡಬೇಕು. ಪುಸ್ತಕ ಮಾತ್ರ ಒಬ್ಬರ ಮನೆಯ ಕಪಾಟು ಸೇರದೆ, ಪಂಪು ಶೆಡ್ಡಿನಲ್ಲಿ ಎಲ್ಲರ ಕೈಗೂ ಸಿಗುವಂತಿರಲಿ.