ಸರದಿ ಆಟಕ್ಕೆ ಒಂದು ನಡೆಗೆ ಎಷ್ಟು ದಿನ ಇಡಬೇಕು? ಮನೆಯವರ ಗುಂಪಿಗೆ ಸಲಹೆ ಬೇಕು

ಗಿರಿನಗರದವಳು:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯವರೇ ಐದು ಜನ ಸೇರಿ ಬೋರ್ಡ್ ಗೇಮ್ ಅರೆನಾ ಅನ್ನುವ ವೆಬ್‌ಸೈಟ್‌ನಲ್ಲಿ ಕಾರ್ಕಸೋನ್ (ಚೌಕದ ಟೈಲ್‌ಗಳನ್ನು ಜೋಡಿಸಿ ಕೋಟೆ, ದಾರಿ ಕಟ್ಟುವ ಆಟ) ಆಡುತ್ತೇವೆ. ಎಲ್ಲರೂ ಒಂದೇ ಹೊತ್ತಿಗೆ ಕೂರಲು ಆಗುವುದಿಲ್ಲ. ಅದಕ್ಕೇ ಅವರವರ ಸರದಿ ಬಂದಾಗ ಬಿಡುವು ನೋಡಿಕೊಂಡು ಆಡುವ ವ್ಯವಸ್ಥೆ.

ನಾನಿರುವುದು ಗಿರಿನಗರ, ಕೆಲಸ ವೈಟ್‌ಫೀಲ್ಡ್‌ನಲ್ಲಿ. ದೀಪಾಂಜಲಿ ನಗರದಲ್ಲಿ ಮೆಟ್ರೋ ಹತ್ತಿ, ಸೀಟು ಸಿಕ್ಕರೆ ಮೆಜೆಸ್ಟಿಕ್ ಬರುವುದರೊಳಗೆ ನನ್ನ ನಡೆ ಮುಗಿದಿರುತ್ತದೆ. ಅಣ್ಣ ನ್ಯೂಜೆರ್ಸಿಯಲ್ಲಿದ್ದಾನೆ. ಚಿಕ್ಕಪ್ಪ, ಚಿಕ್ಕಮ್ಮ ಶಿವಮೊಗ್ಗದಲ್ಲಿ, ಇಬ್ಬರೂ ರಿಟೈರ್ ಆಗಿದ್ದಾರೆ. ಐದನೆಯವರು ದೊಡ್ಡಪ್ಪನ ಸೊಸೆ, ನಮ್ಮ ಅತ್ತಿಗೆ. ಮೈಸೂರಿನ ಒಂದು ಆಸ್ಪತ್ರೆಯಲ್ಲಿ ನರ್ಸ್.

ಈಗ ದಿನಕ್ಕೆ ಒಂದು ನಡೆ ಅಂತ ಇಟ್ಟಿದ್ದೇವೆ. ಅತ್ತಿಗೆಗೆ ನೈಟ್ ಡ್ಯೂಟಿ ಬಿದ್ದ ವಾರ ಅವರ ಟೈಮ್ ಮುಗಿದುಹೋಯಿತು. ನಾವ್ಯಾರೂ ಅವರನ್ನು ಹೊರಗೆ ಹಾಕಲಿಲ್ಲ, ಕಾದೆವು. ಆದರೂ ಅವರಿಗೆ ಬೇಜಾರಾಗಿ "ಮುಂದಿನ ಆಟಕ್ಕೆ ನನ್ನ ಬಿಟ್ಟುಬಿಡಿ" ಅಂದರು. ಅವರನ್ನು ಬಿಟ್ಟು ಆಡಲು ನನಗೆ ಮನಸ್ಸಿಲ್ಲ. ಅಣ್ಣ ನಡೆಗೆ ಮೂರು ದಿನ ಇಡು ಅನ್ನುತ್ತಾನೆ. ಚಿಕ್ಕಪ್ಪ "ಈಗಲೇ ಆಮೆ ನಡಿಗೆ. ಮೂರು ದಿನ ಇಟ್ಟರೆ ನಾನು ಯಾವ ಕೋಟೆ ಕಟ್ಟುತ್ತಿದ್ದೆ ಅಂತಲೇ ಮರೆತುಹೋಗುತ್ತೆ" ಅನ್ನುತ್ತಾರೆ. ಇಬ್ಬರ ಮಾತೂ ಸರಿ ಅನ್ನಿಸುತ್ತದೆ.

ಇದರ ಜೊತೆಗೆ ಚಿಕ್ಕಪ್ಪ ನನ್ನೊಂದಿಗೆ ಲಿಚೆಸ್ ಅನ್ನುವ ಸೈಟ್‌ನಲ್ಲಿ ಚೆಸ್ ಶುರುಮಾಡಬೇಕು ಅಂತಿದ್ದಾರೆ. ಅಲ್ಲಿ ನಡೆಗೆ ಒಂದು ದಿನದಿಂದ 14 ದಿನದವರೆಗೂ ಆಯ್ಕೆ ಇದೆ. ಯಾವುದು ಇಡಲಿ?

ಬಿಳಿಕುದುರೆ:

ಎರಡು ದಿನ ಇಡಿ. ಅಣ್ಣನ ಮಾತೂ ಬೇಡ, ಚಿಕ್ಕಪ್ಪನ ಮಾತೂ ಬೇಡ, ನಡುವೆ ಇರಲಿ. ನಮ್ಮ ಆಫೀಸ್ ಗುಂಪಿನಲ್ಲಿ ಅದೇ ಇದೆ, ಚೆನ್ನಾಗಿ ನಡೆಯುತ್ತಿದೆ.

ಮಲ್ಲೇಶ್ವರ ಎಂಟನೇ ಕ್ರಾಸ್:

ಮೇಡಂ, ನಡುವಿನ ಅಂಕಿ ಹಿಡಿದರೆ ನಿಮ್ಮ ಅತ್ತಿಗೆಯ ತೊಂದರೆ ಹಾಗೇ ಉಳಿಯುತ್ತದೆ. ಸ್ವಲ್ಪ ಬೇರೆ ಥರ ನೋಡಿ.

ಕಾರ್ಕಸೋನ್‌ನಲ್ಲಿ ಒಂದು ಟೈಲ್ ಎಲ್ಲಿಡಬೇಕು ಅಂತ ಯೋಚಿಸಲು ಎಷ್ಟು ಹೊತ್ತು ಬೇಕು? ಐದು ನಿಮಿಷ. ಹತ್ತು ಅಂತಲೇ ಇಟ್ಟುಕೊಳ್ಳಿ. ಅಂದಮೇಲೆ ಒಂದು ದಿನ, ಮೂರು ದಿನ ಅನ್ನುವುದು ಯೋಚನೆಗೆ ಕೊಡುವ ಸಮಯ ಅಲ್ಲವೇ ಅಲ್ಲ. ಫೋನ್ ಮುಟ್ಟಲು ಆಗದ ಹೊತ್ತಿಗೆ ಕೊಡುವ ಬಿಡುವು ಅದು. ಹಾಗಾಗಿ ನಿಮ್ಮಲ್ಲಿ ಯಾರು ಬೇಗ ಆಡುತ್ತಾರೆ ಅನ್ನುವ ಪ್ರಶ್ನೆ ಬಿಟ್ಟುಬಿಡಿ. ಯಾರು ಒಟ್ಟೊಟ್ಟಿಗೆ ಎಷ್ಟು ದಿನ ಕೈಗೆ ಸಿಗುವುದಿಲ್ಲ, ಅದನ್ನು ಕೇಳಿ. ನಿಮ್ಮ ಗುಂಪಿನಲ್ಲಿ ಉತ್ತರ ಅತ್ತಿಗೆಯ ಡ್ಯೂಟಿ ಪಟ್ಟಿಯಲ್ಲೇ ಇದೆ.

ನಮ್ಮ ತಂದೆ ಪೋಸ್ಟ್ ಕಾರ್ಡ್‌ನಲ್ಲಿ ಚೆಸ್ ಆಡುತ್ತಿದ್ದರು. ಆ ಕಾರ್ಡುಗಳು ನನ್ನ ಹತ್ತಿರ ಇನ್ನೂ ಇವೆ. ಆಡುವವರ ಭಾಷೆ ಬೇರೆ ಬೇರೆ ಆದ್ದರಿಂದ ನಡೆಯನ್ನು ಬರೀ ಅಂಕಿಯಲ್ಲಿ ಬರೆಯುತ್ತಿದ್ದರು. ರಾಜನ ಮುಂದಿನ ಪಾನ್ ಎರಡು ಮನೆ ಮುಂದೆ ಹೋದರೆ 5254 (ಐದನೇ ಸಾಲಿನ ಎರಡನೇ ಮನೆಯಿಂದ ಅದೇ ಸಾಲಿನ ನಾಲ್ಕನೇ ಮನೆಗೆ), ಅಷ್ಟೇ. ಅದರ ಕೆಳಗೆ ಎರಡು ತಾರೀಕು: ನಿಮ್ಮ ಕಾರ್ಡ್ ನನಗೆ ಸಿಕ್ಕ ದಿನ, ನಾನು ಉತ್ತರ ಅಂಚೆಗೆ ಹಾಕಿದ ದಿನ. ಆ ಎರಡು ತಾರೀಕಿನ ನಡುವಿನ ದಿನಗಳು ಮಾತ್ರ ಆಟಗಾರನ ಲೆಕ್ಕಕ್ಕೆ ಬರುತ್ತಿದ್ದವು. ಕಾರ್ಡ್ ದಾರಿಯಲ್ಲಿ ಎಷ್ಟು ದಿನ ಅಲೆದರೂ ಅದು ಯಾರ ಲೆಕ್ಕಕ್ಕೂ ಇಲ್ಲ. 10 ನಡೆಗೆ 30 ದಿನ ಅನ್ನುವುದು ಆಗಿನ ರೂಢಿ. ಗಮನಿಸಿ, ಒಂದೊಂದು ನಡೆಗೆ ಮೂರು ಅಂತ ಅಲ್ಲ, ಹತ್ತೂ ಸೇರಿ 30. ಸುಲಭದ ನಡೆಗೆ ಅದೇ ದಿನ ಉತ್ತರ ಹಾಕಿದರೆ ಮಿಕ್ಕ ದಿನಗಳು ಕಷ್ಟದ ನಡೆಗೆ, ಇಲ್ಲವೇ ಮನೆಯಲ್ಲಿ ಮದುವೆ ಇದ್ದ ವಾರಕ್ಕೆ ಉಳಿಯುತ್ತಿದ್ದವು. 1951ರಲ್ಲಿ ಶುರುವಾದ ಐಸಿಸಿಎಫ್ (ಹೀಗೆ ದೂರದಿಂದ ಚೆಸ್ ಆಡುವವರ ಅಂತರರಾಷ್ಟ್ರೀಯ ಸಂಸ್ಥೆ) ಈಗ ಆಟವನ್ನು ಸರ್ವರ್‌ನಲ್ಲಿ ನಡೆಸುತ್ತದೆ. ಅಲ್ಲೂ 10 ನಡೆಗೆ 50 ದಿನ ಅಂತ ಕೂಡಿಸಿಯೇ ಕೊಡುವ ಪದ್ಧತಿ ಬೆಳೆದಿದೆ.

ಇದನ್ನು ಯಾಕೆ ಹೇಳಿದೆ ಅಂದರೆ, ದಿನ ಎಷ್ಟು ಅನ್ನುವುದಕ್ಕಿಂತ ಗಡಿಯಾರ ಯಾವ ಜಾತಿಯದು ಅನ್ನುವುದು ಮುಖ್ಯ. ನಿಧಾನದ ಆಟಕ್ಕೆ ಲಿಚೆಸ್‌ನಲ್ಲಿ ಕರೆಸ್ಪಾಂಡೆನ್ಸ್, ಇನ್ನೊಂದು ಸೈಟ್ ಚೆಸ್ ಡಾಟ್ ಕಾಮ್‌ನಲ್ಲಿ ಡೈಲಿ ಅನ್ನುತ್ತಾರೆ, ಇವೆರಡರಲ್ಲೂ ಪ್ರತಿ ನಡೆಗೆ ಗಡಿಯಾರ ಹೊಸದಾಗಿ ಶುರುವಾಗುತ್ತದೆ. ಹತ್ತೇ ನಿಮಿಷದಲ್ಲಿ ಆಡಿದರೂ ಮಿಕ್ಕ ಸಮಯ ಹೋಯಿತು, ಮುಂದಕ್ಕೆ ಬರುವುದಿಲ್ಲ. ಇನ್ನೊಂದು ಕೂಡಿಡುವ ಗಡಿಯಾರ. ಚೆಸ್ ಚಾಂಪಿಯನ್ ಆಗಿದ್ದ ಬಾಬಿ ಫಿಷರ್ 1988ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದ್ದು, 1992ರಲ್ಲಿ ಸ್ಪಾಸ್ಕಿ ಜೊತೆಗಿನ ಪಂದ್ಯದಲ್ಲಿ ಬಳಸಿದ್ದು ಇದನ್ನೇ. ನಡೆ ಆಡಿದ ಕೂಡಲೇ ನಿಮ್ಮ ಖಾತೆಗೆ ಒಂದಿಷ್ಟು ಸಮಯ ಜಮಾ ಆಗುತ್ತದೆ. ನಾನು ಗೋ (ಕಪ್ಪು ಬಿಳಿ ಕಲ್ಲುಗಳ ಬೋರ್ಡ್ ಆಟ) ಆಡುವ ಓಜಿಎಸ್ ಸೈಟ್‌ನಲ್ಲಿ ಇದನ್ನು ದಿನದ ಲೆಕ್ಕದಲ್ಲೇ ಇಡಬಹುದು. ಶುರುವಿಗೆ 3 ದಿನ, ನಡೆಗೆ 1 ದಿನ ಜಮಾ, ಎಷ್ಟೇ ಕೂಡಿಟ್ಟರೂ 7 ದಿನಕ್ಕಿಂತ ಜಾಸ್ತಿ ಇಲ್ಲ. ಒಂದು ವಾರ ಚುರುಕಾಗಿ ಆಡಿದವರು ಮುಂದಿನ ವಾರ ಧೈರ್ಯವಾಗಿ ಊರಿಗೆ ಹೋಗಬಹುದು. ಆ 7 ದಿನದ ಕಟ್ಟು ಇಲ್ಲದಿದ್ದರೆ ಸೋಲುವವರು ತಿಂಗಳುಗಟ್ಟಲೆ ಎಳೆಯುತ್ತಾರೆ. ಹಾಗಾಗಿ ಕಟ್ಟು ಇರಲೇಬೇಕು.

ನೀವು ಆಡುವ ಬೋರ್ಡ್ ಗೇಮ್ ಅರೆನಾದ್ದೂ ಕೂಡಿಡುವ ಗಡಿಯಾರವೇ. ಹಾಗಿದ್ದೂ ಅತ್ತಿಗೆಯ ಟೈಮ್ ಮುಗಿದಿದೆ ಅಂದರೆ, ಆಟ ಶುರುವಾದ ಹೊಸದರಲ್ಲೇ ನೈಟ್ ಡ್ಯೂಟಿ ಬಿದ್ದಿರಬೇಕು. ಜಮಾ ಆಗಲು ಅವಕಾಶವೇ ಸಿಕ್ಕಿಲ್ಲ.

ಭಾನುವಾರದ ಮೇಜು:

ಮಲ್ಲೇಶ್ವರದವರು ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ಚಿಕ್ಕಪ್ಪನ ಪರವಾಗಿ ಯಾರಾದರೂ ಮಾತಾಡಬೇಕು ಅಲ್ವಾ.

ಲೆಕ್ಕ ನೋಡಿ. ಕಾರ್ಕಸೋನ್‌ನ ಮೂಲ ಆಟದಲ್ಲಿ 72 ಟೈಲ್, ಅದರಲ್ಲಿ ಒಂದು ಶುರುವಿನಲ್ಲೇ ಮೇಜಿನ ಮೇಲಿರುತ್ತದೆ. ಉಳಿದ 71 ಟೈಲ್ ಅಂದರೆ 71 ಸರದಿ. ಇಬ್ಬರು ಆಡಿದರೂ 71, ಐವರು ಆಡಿದರೂ 71. ಎಲ್ಲರೂ ಕೊನೇ ಗಳಿಗೆಯವರೆಗೆ ಕಾದರೆ ನಡೆಗೆ ಒಂದು ದಿನದಂತೆ 71 ದಿನ, ಮೂರು ದಿನದಂತೆ 213 ದಿನ. ಏಳು ತಿಂಗಳು! ಅಷ್ಟೊಂದು ಆಗುವುದಿಲ್ಲ, ನಿಜ. ಆದರೆ ಗಡುವು ದೂರ ಇದ್ದಷ್ಟೂ ಜನ "ನಾಳೆ ನೋಡೋಣ" ಅನ್ನುವುದು ಜಾಸ್ತಿ. ನಾನು ಕಂಡಿದ್ದು ಇದೇ. ಸಮಯದ ಮಿತಿಯೇ ಬೇಡ ಅನ್ನುವ ಆಯ್ಕೆಯೂ ಬೋರ್ಡ್ ಗೇಮ್ ಅರೆನಾದಲ್ಲಿದೆ, ಗೆಳೆಯರ ನಡುವೆ ಆಡುವುದಕ್ಕೆ. ದಯವಿಟ್ಟು ಅದನ್ನು ಮುಟ್ಟಬೇಡಿ. ಅದರಲ್ಲಿ ಆಟ ಸುಮ್ನೆ ಬಿದ್ದಿರುತ್ತದೆ. ಯಾರನ್ನೂ ಕೇಳುವ ಹಾಗೂ ಇಲ್ಲ.

ಚಿಕ್ಕಪ್ಪನಿಗೆ ನಿಧಾನ ಅನ್ನಿಸುವುದು ಗಡುವಿನಿಂದಲ್ಲ. ಐವರಲ್ಲಿ ಒಬ್ಬರು ಆಡುವಾಗ ನಾಲ್ವರು ಕಾಯಬೇಕಲ್ಲ, ಅದರಿಂದ. ಹಾಗಾಗಿ ಆಟವನ್ನೇ ಬದಲಿಸಿ ನೋಡಿ. ಸೆವೆನ್ ವಂಡರ್ಸ್ ಅನ್ನುವ ಕಾರ್ಡ್ ಆಟದಲ್ಲಿ ಎಲ್ಲರೂ ಒಟ್ಟಿಗೆ ಕಾರ್ಡ್ ಆರಿಸುತ್ತಾರೆ. ಮೂರು ಯುಗ, ಯುಗಕ್ಕೆ ಆರು ಸಲ, ಒಟ್ಟು 18 ಸಲ. ಮೂವರಿದ್ದರೂ ಏಳು ಜನ ಇದ್ದರೂ ಅಷ್ಟೇ. ನಡೆಗೆ ಮೂರು ದಿನ ಇಟ್ಟರೂ 54 ದಿನದಲ್ಲಿ ಮುಗಿಯಲೇಬೇಕು. ಅತ್ತಿಗೆಗೆ ಬಿಡುವೂ ಸಿಕ್ಕಿತು, ಚಿಕ್ಕಪ್ಪನಿಗೆ ವೇಗವೂ ಸಿಕ್ಕಿತು.

ಸರಕು ಅದಲುಬದಲು ಮಾಡಿಕೊಳ್ಳುವ ಕಟಾನ್ ಆಟವನ್ನು ಮಾತ್ರ ಈ ರೀತಿ ಆಡಬೇಡಿ. "ಒಂದು ಕುರಿ ಕೊಡ್ತೀನಿ, ಇಟ್ಟಿಗೆ ಕೊಡ್ತೀರಾ" ಅಂತ ಕೇಳಿ, ಉತ್ತರಕ್ಕೆ ಮೈಸೂರು, ನ್ಯೂಜೆರ್ಸಿ ಎರಡೂ ಕಡೆ ಕಾಯುತ್ತಾ ಕೂತರೆ ವ್ಯಾಪಾರದ ಮಜವೇ ಹೋಗುತ್ತದೆ. ಅದಕ್ಕೆ ಎಲ್ಲರೂ ಒಟ್ಟಿಗೆ ಸೇರುವ ಹೊತ್ತು ಬೇಕು. ಶಿವಮೊಗ್ಗದಲ್ಲಿ ಭಾನುವಾರ ಬೆಳಿಗ್ಗೆ ಏಳು ಅಂದರೆ ಬೇಸಿಗೆಯಲ್ಲಿ ನ್ಯೂಜೆರ್ಸಿಯಲ್ಲಿ ಶನಿವಾರ ರಾತ್ರಿ ಒಂಬತ್ತೂವರೆ. ಎರಡು ಕಡೆಗೂ ಒಳ್ಳೆ ಹೊತ್ತು.

ಗಿರಿನಗರದವಳು:

ತುಂಬಾ ಥ್ಯಾಂಕ್ಸ್. ಮಲ್ಲೇಶ್ವರದ ಸರ್, ನೀವು ಊಹಿಸಿದ್ದು ನಿಜ. ಆಟ ಶುರುವಾದ ಮೂರನೇ ದಿನಕ್ಕೇ ಅತ್ತಿಗೆಗೆ ನೈಟ್ ಡ್ಯೂಟಿ ಇತ್ತು. ಈಗ ಕೇಳಿದೆ: ಸಾಮಾನ್ಯವಾಗಿ ನಾಲ್ಕೈದು ರಾತ್ರಿ ಸಾಲಾಗಿ ಬರುತ್ತದಂತೆ, ಮಿಕ್ಕ ದಿನ ಆರಾಮಾಗಿ ಆಡಬಲ್ಲರಂತೆ. ಮುಂದಿನ ಆಟವನ್ನು ಅವರ ನೈಟ್ ಮುಗಿದ ಮೇಲೆ ಶುರುಮಾಡೋಣ, ಎರಡು ದಿನಕ್ಕೊಂದು ನಡೆ ಇಡೋಣ ಅಂದುಕೊಂಡಿದ್ದೇವೆ. ಚಿಕ್ಕಪ್ಪ ಸೆವೆನ್ ವಂಡರ್ಸ್ ನಿಯಮ ಓದುತ್ತಾ ಕೂತಿದ್ದಾರೆ, ಚಿಕ್ಕಮ್ಮನಿಗೂ ಓದಿ ಹೇಳುತ್ತಿದ್ದಾರೆ!

ಚೆಸ್ ವಿಷಯ ಉಳಿಯಿತು. ಚಿಕ್ಕಪ್ಪನಿಗೆ ಒಂದೇ ದಿನ ಸಾಕಂತೆ. ನನಗೆ ತಿಂಗಳ ಕೊನೆಯಲ್ಲಿ ಆಫೀಸ್ ಕೆಲಸ ವಿಪರೀತ.

ಮಲ್ಲೇಶ್ವರ ಎಂಟನೇ ಕ್ರಾಸ್:

ಚೆಸ್‌ಗೆ 3 ದಿನ ಇಡಿ, ಅದಕ್ಕಿಂತ ಕಡಿಮೆ ಬೇಡ. ಲಿಚೆಸ್‌ನಲ್ಲಿ ಕೂಡಿಡುವುದು ಇಲ್ಲ, ರಜೆ ಹಾಕುವ ವ್ಯವಸ್ಥೆಯೂ ಇಲ್ಲ. ಚೆಸ್ ಡಾಟ್ ಕಾಮ್ ಡೈಲಿಯಲ್ಲಾದರೆ ರಜೆ ಇದೆ. ಲಿಚೆಸ್‌ನಲ್ಲಿ ಒಂದು ದಿನ ಇಟ್ಟು ಗೌರಿ ಹಬ್ಬದ ದಿನ ಅಡುಗೆಮನೆಯಲ್ಲಿ ಸಿಕ್ಕಿಕೊಂಡರೆ ಗೆಲ್ಲುವ ಆಟವೂ ಕೈಬಿಟ್ಟು ಹೋಗುತ್ತದೆ. ಅದು ಇಬ್ಬರಿಗೂ ಸಂತೋಷ ಕೊಡುವ ಮಾತಲ್ಲ. ಲೆಕ್ಕಕ್ಕೆ ಹೇಳುವುದಾದರೆ ಒಬ್ಬೊಬ್ಬರಿಗೆ 40 ನಡೆಯ ಆಟ, ಇಬ್ಬರೂ ಪೂರ್ತಿ 3 ದಿನ ತೆಗೆದುಕೊಂಡರೆ 240 ದಿನ. ಆದರೆ ಚಿಕ್ಕಪ್ಪ ಅದೇ ದಿನ ಆಡುವವರು, ಅರ್ಧ ಅಲ್ಲೇ ಕಳೆಯಿತು.

ಕಾಯುವುದು ಬೇಜಾರು ಅನ್ನಿಸಿದರೆ ಗಡುವು ಕಮ್ಮಿ ಮಾಡಬೇಡಿ, ಒಂದೇ ಹೊತ್ತಿಗೆ ಎರಡು ಆಟ ಶುರುಮಾಡಿ. ಒಂದರಲ್ಲಿ ನಿಮಗೆ ಬಿಳಿ, ಇನ್ನೊಂದರಲ್ಲಿ ಅವರಿಗೆ. "ಅವರು ಇದನ್ನು ಆಡಿದರೆ ನಾನು ಇದನ್ನು ಆಡುತ್ತೇನೆ" ಅಂತ ಮುಂಚೆಯೇ ಬರೆದಿಡುವ ಸೌಲಭ್ಯವೂ ಲಿಚೆಸ್‌ನಲ್ಲಿ ಇದೆ. ಹೊಡೆದಾಟದ ನಡೆಗಳಲ್ಲಿ ಅದರಿಂದ ಎಷ್ಟೋ ದಿನ ಉಳಿಯುತ್ತದೆ. ಇನ್ನೊಂದು ಮಾತು, ಈ ರೀತಿಯ ಆಟದಲ್ಲಿ ಓಪನಿಂಗ್ (ಆಟದ ಮೊದಲ ನಡೆಗಳ) ಪುಸ್ತಕ ನೋಡಿಕೊಂಡು ಆಡಲು ಅಲ್ಲಿ ಅನುಮತಿ ಇದೆ. ಒಳ್ಳೆ ನಡೆ ಹುಡುಕಿಕೊಡುವ ಕಂಪ್ಯೂಟರ್ ಎಂಜಿನ್ ಕೇಳುವಂತಿಲ್ಲ. ಚಿಕ್ಕಪ್ಪನ ಹತ್ತಿರ ಹಳೇ ಚೆಸ್ ಪುಸ್ತಕ ಏನಾದರೂ ಇದ್ದರೆ ಹೊರಗೆ ತೆಗೆಯಲು ಹೇಳಿ.