ಪದ ವಿಚಾರ: ಪೆಲಗಾರ್ನಿಸ್ ಹಕ್ಕಿಯ ‘ಹುಸಿಹಲ್ಲು’, ಬೇರೆ ಪದ ಇದೆಯಾ?

ಎಲ್ಲರಿಗೂ ನಮಸ್ಕಾರ. ಕಾಸರಗೋಡಿನ ಪೆರ್ಲದ ಕಡೆ ಕನ್ನಡ ಮಾಧ್ಯಮದ ಮಕ್ಕಳಿಗೆ ಜೀವಶಾಸ್ತ್ರ ಪಾಠ ಮಾಡುತ್ತೇನೆ. ಒಂದು ಪದ ವಾರದಿಂದ ತಲೆ ತಿನ್ನುತ್ತಿದೆ.

ಪೆಲಗಾರ್ನಿಥಿಡೆ ಅಂತ ಕಡಲಹಕ್ಕಿಗಳ ಒಂದು ಕುಟುಂಬ ಇತ್ತು. ಈಗ ಒಂದೂ ಉಳಿದಿಲ್ಲ. ಅದರಲ್ಲಿ ಪೆಲಗಾರ್ನಿಸ್ ಸ್ಯಾಂಡರ್ಸಿ ಎಂಬುದು ಸುಮಾರು 2.5 ಕೋಟಿ ವರ್ಷ ಹಿಂದಿನದು. ರೆಕ್ಕೆ ಬಿಚ್ಚಿದರೆ 6ರಿಂದ 7 ಮೀಟರ್! ಇವುಗಳ ಕೊಕ್ಕಿನ ಅಂಚಿಗೆ ಸಾಲಾಗಿ ಚೂಪು ಮೊನೆಗಳು. ನೋಡಿದರೆ ಹಲ್ಲೇ. ಆದರೆ ಬೇರಿಲ್ಲ, ಎನಾಮಲ್ ಇಲ್ಲ. ದವಡೆಯ ಮೂಳೆಯೇ ಮೊನೆಯಾಗಿ ಹೊರಬಂದದ್ದು.

ನಾನು ‘ಹುಸಿಹಲ್ಲು’ ಅಂದೆ. "ಅಜ್ಜಿಯ ಹಲ್ಲುಸೆಟ್ಟಿನ ಹಾಗಾ ಟೀಚರ್?" ಅಂತ ಒಬ್ಬಳು ಕೇಳಿದಳು. ತಪ್ಪು ಅವಳದ್ದಲ್ಲ, ಪದದ್ದು. ಹುಸಿಮುನಿಸು, ಹುಸಿಬಾಂಬ್, ಎಲ್ಲದರಲ್ಲೂ ಇಲ್ಲದ್ದನ್ನು ಇದ್ದಂತೆ ತೋರಿಸುವುದಿದೆ. ಈ ಮೊನೆಗಳು ಹಾಗಲ್ಲ. ಜಾರುವ ಬೇಟೆಯನ್ನು ಹಿಡಿದಿಡುವ ಕೆಲಸ ಅವಕ್ಕಿತ್ತು.

ಅವತ್ತು ಸಂಜೆ ಕಾಯಿ ಹೆರೆಯುವಾಗ ಹೊಳೆಯಿತು. ಹೆರೆಮಣೆಯ ಹಲ್ಲು ಬೇರೆ ತಂದು ಕೂರಿಸಿದ್ದಲ್ಲ, ಅದೇ ಕಬ್ಬಿಣದ ಅಂಚು. ಸವೆದರೆ ಅರದಲ್ಲಿ ಉಜ್ಜಿದರಾಯಿತು. ಅದನ್ನು ನಾವು ಹುಸಿ ಅನ್ನುತ್ತೇವಾ? ಗರಗಸ, ಬಾಚಣಿಗೆಗೂ ಹಲ್ಲು ಅಂತಲೇ ಅನ್ನುತ್ತೇವೆ. ಮರುದಿನ ಹೆರೆಮಣೆಯನ್ನೇ ಕ್ಲಾಸಿಗೆ ಒಯ್ದೆ. ಮಕ್ಕಳಿಗೆ ತಟ್ಟನೆ ಅರ್ಥವಾಯಿತು.

ಹಾಗಂತ ಬರೀ ‘ಹಲ್ಲು’ ಅಂದರೂ ಕಷ್ಟ. ಡೈನೋಸಾರ್ ಕಾಲದ ಹೆಸ್ಪರಾರ್ನಿಸ್ ಹಕ್ಕಿಗೆ ನಿಜವಾದ ಹಲ್ಲಿತ್ತು. ಎರಡಕ್ಕೂ ಒಂದೇ ಪದ ಹಾಕಿದರೆ ಎರಡೂ ಒಂದೇ ವಂಶ ಅಂತ ಮಕ್ಕಳು ಅಂದುಕೊಳ್ಳುತ್ತಾರೆ. ಪೆಲಗಾರ್ನಿಥಿಡೆಯನ್ನು ಮೊದಲು ಹೆಜ್ಜಾರ್ಲೆ, ಆಲ್ಬಟ್ರಾಸ್‌ಗಳ ನಂಟು ಅನ್ನುತ್ತಿದ್ದರು. ಆಮೇಲೆ ತಲೆಬುರುಡೆಯ ಮೂಳೆಗಳನ್ನು ನೋಡಿ, ಬಾತುಗಳಿಗೆ ಹತ್ತಿರ ಅಂದವರೂ ಇದ್ದಾರೆ. ಜಗಳ ಮುಗಿದಿಲ್ಲ. ಹೆಸ್ಪರಾರ್ನಿಸ್ ಮಾತ್ರ ಇವುಗಳಿಗೆ ಬಲು ದೂರ.

ನನಗೆ ‘ಮೂಳೆಹಲ್ಲು’ ಹಿಡಿಸಿದೆ. ಜೊತೆಯ ಟೀಚರೊಬ್ಬರು ಒಪ್ಪುವುದಿಲ್ಲ. "ಹಲ್ಲೆಲ್ಲ ಮೂಳೆಯೇ ಅಂತ ಮಕ್ಕಳು ಮೊದಲೇ ನಂಬಿರುತ್ತಾರೆ, ಅದು ಇನ್ನಷ್ಟು ಗಟ್ಟಿಯಾಗುತ್ತದೆ, ‘ಕೊಕ್ಕುಹಲ್ಲು’ ಅನ್ನಿ" ಅನ್ನುತ್ತಾರೆ. ಅದೂ ಸರಿಯೇ ಅಲ್ವಾ?

ಗರಗಸ, ಹೆರೆಮಣೆಯ ಈ ಮೊನೆಗಳಿಗೆ ನಿಮ್ಮೂರಿನ ಆಚಾರಿಗಳು ಹಲ್ಲು ಬಿಟ್ಟು ಬೇರೆ ಹೆಸರು ಹೇಳುತ್ತಾರಾ? ಇದ್ದರೆ ದಯವಿಟ್ಟು ಬರೆಯಿರಿ.