ಅಭಿಯಂತರ, ಇಂಜಿನಿಯರ್: ಎರಡು ಪ್ರಶ್ನೆ

ಎಲ್ಲರಿಗೂ ನಮಸ್ಕಾರ.

ಹೋದ ವಾರ ಧಾರವಾಡದಲ್ಲಿ ಒಂದು ಕಚೇರಿ ಮುಂದೆ ಬಸ್ಸಿಗೆ ಕಾಯುತ್ತಿದ್ದೆವು. ಬೋರ್ಡಿನಲ್ಲಿ ‘ಕಾರ್ಯಪಾಲಕ ಅಭಿಯಂತರರ ಕಾರ್ಯಾಲಯ’ ಅಂತ ಇತ್ತು. ಏಳನೇ ಇಯತ್ತೆಯ ನನ್ನ ತಂಗಿ ಮಗಳು ಅದನ್ನು ‘ಅಭ್ಯಂತರ’ ಅಂತ ಓದಿ, “ಇಲ್ಲಿ ತಕರಾರು ಕೊಡೂದೇನು ದೊಡ್ಡವ್ವಾ?” ಎಂದು ಕೇಳಿದಳು. ಅವಳ ತಪ್ಪಲ್ಲ. ‘ನಮ್ಮದೇನೂ ಅಭ್ಯಂತರ ಇಲ್ಲ’ ಅನ್ನುವುದು ಮನೆಯಲ್ಲಿ ಕಿವಿಗೆ ಬೀಳುವ ಮಾತು. ಇಂಜಿನಿಯರ್ ಅಂದ ಕೂಡಲೇ ಅವಳಿಗೆ ತಿಳಿಯಿತು. ಅವತ್ತಿನಿಂದ ಈ ಪದ ನನ್ನ ತಲೆಯಲ್ಲಿ ಕೂತಿದೆ.

ಸಂಸ್ಕೃತದ ‘ಯಂತೃ’ ಅಂದರೆ ಹಿಡಿತದಲ್ಲಿಟ್ಟು ನಡೆಸುವವನು, ಸಾರಥಿ. ಯಂತ್ರ, ನಿಯಂತ್ರಣ ಎಲ್ಲ ಅದೇ ಬಳಗ. ಹಿಂದಿ, ಮರಾಠಿಯಲ್ಲಿ ‘ಅಭಿಯಂತಾ’ ಅಂತಾರೆ. ‘ನೇತೃ’ ಕನ್ನಡದಲ್ಲಿ ‘ನೇತಾರ’ ಆದ ಹಾಗೆ ಇದೂ ‘ಅಭಿಯಂತಾರ’ ಆಗಬೇಕಿತ್ತು ಅಲ್ವಾ? ‘ಅಭಿಯಂತರ’ ಹೇಗಾಯಿತು? ಇದು ಮೊದಲ ಪ್ರಶ್ನೆ.

ಇಂಜಿನಿಯರ್ ಪದ ಬಂದ ದಾರಿಯೇ ಬೇರೆ. ಲ್ಯಾಟಿನ್‌ನ ‘ಇಂಜೆನಿಯಂ’ ಅಂದರೆ ಹುಟ್ಟಿನಿಂದ ಬಂದ ಜಾಣ್ಮೆ. ಆಮೇಲೆ ಜಾಣ್ಮೆಯಿಂದ ಮಾಡಿದ ಸಾಧನಕ್ಕೂ ಅದೇ ಹೆಸರು ಬಂತು. ಕೋಟೆ ಗೋಡೆಗೆ ಕಲ್ಲು ಎಸೆಯುವ ಯಂತ್ರ ಕಟ್ಟುವವನು ಇಂಜಿನಿಯರ್ ಆದ. ಉಗಿಬಂಡಿ ಬರುವುದಕ್ಕೆ ನೂರಾರು ವರ್ಷ ಮೊದಲಿನ ಮಾತು ಇದು. 18ನೇ ಶತಮಾನದಲ್ಲಿ ಇಂಗ್ಲೆಂಡಿನ ಜಾನ್ ಸ್ಮೀಟನ್ ಸೇತುವೆ, ಕಾಲುವೆ, ದೀಪಸ್ತಂಭ ಕಟ್ಟಿದ. ತಾನು ಸೇನೆಯವನಲ್ಲ ಅಂತ ತಿಳಿಯಲಿ ಎಂದು ತನ್ನನ್ನು ಸಿವಿಲ್ ಇಂಜಿನಿಯರ್ ಅಂತ ಕರೆದುಕೊಂಡ. ಆ ‘ಸಿವಿಲ್’ ಇವತ್ತಿಗೂ ಉಳಿದಿದೆ.

ಅಮೆರಿಕದಲ್ಲಿ ರೈಲು ಓಡಿಸುವವರಿಗೂ ಇಂಜಿನಿಯರ್ ಅಂತಾರೆ. ಹುಬ್ಬಳ್ಳಿಯಲ್ಲಿ ಅವರು ಡ್ರೈವರ್, ಈಗ ಲೋಕೋ ಪೈಲಟ್. ಸಾರಥಿ ಅನ್ನುವ ಅರ್ಥದ ‘ಯಂತೃ’ ಅವರಿಗೇ ಜಾಸ್ತಿ ಒಪ್ಪುತ್ತದೆ.

ನಮ್ಮಲ್ಲಿ ಇಂಜಿನಿಯರ್ ಮಾಡುವ ಕೆಲಸವೇ ಬೇರೆ. ಗದಗಿನ ಹತ್ತಿರ ಅಣ್ಣ ಮನೆ ಕಟ್ಟಿಸುವಾಗ ಕಣ್ಣಾರೆ ಕಂಡೆ. ಎರೆಮಣ್ಣಿನ ಜಾಗ. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು, ಮಳೆ ಬಿದ್ದರೆ ಉಬ್ಬುತ್ತದೆ. ಗೌಂಡಿ ಒಳ್ಳೆ ಕೈಯವರು, ಗೋಡೆ ಒಂದು ನೂಲೂ ವಾಲುತ್ತಿರಲಿಲ್ಲ. ಇಂಜಿನಿಯರ್ ಒಬ್ಬ ಹುಡುಗಿ. ಗುಂಡಿ ತೋಡಿಸಿದರು. ಹಸಿ ಮಣ್ಣನ್ನು ಬೆರಳಲ್ಲಿ ಹೊಸೆದು ನೋಡಿದರು, ಒಂದಿಷ್ಟು ಪರೀಕ್ಷೆಗೆ ಕಳಿಸಿದರು. ಮನೆಯ ಭಾರ ಲೆಕ್ಕ ಹಾಕಿ, “ಗಟ್ಟಿ ಗರಸು ಹತ್ತೂತನಕ ಅಗೀರಿ” ಅಂದರು. ಇನ್ನೂ ಏಳದ ಗೋಡೆ ಎಲ್ಲಿ ಸೀಳಬಹುದು ಅಂತ ಅವರಿಗೆ ಆಗಲೇ ಕಾಣುತ್ತಿತ್ತು.

ಆ ಮುನ್ನೋಟ ‘ಇಂಜೆನಿಯಂ’ನಲ್ಲಿದೆ, ‘ಅಭಿಯಂತರ’ದಲ್ಲಿ ನನಗೆ ಸಿಗುತ್ತಿಲ್ಲ. ನಾನಂತೂ ಇಂಜಿನಿಯರ್ ಅಂತಲೇ ಬರೆಯುತ್ತೇನೆ.

ಎರಡನೇ ಪ್ರಶ್ನೆ. 1956ರವರೆಗೆ ನಮ್ಮ ಜಿಲ್ಲೆ ಮುಂಬೈ ಪ್ರಾಂತದಲ್ಲಿತ್ತು. ‘ಅಭಿಯಂತರ’ ಮರಾಠಿ ಕಡತಗಳ ಮೂಲಕ ಬಂತೋ, ಆಮೇಲೆ ಬೆಂಗಳೂರಿನಿಂದ ಬಂತೋ? ಹಳೆಯ ಸರ್ಕಾರಿ ಕಾಗದಗಳಲ್ಲಿ ನೋಡಿದವರಿದ್ದರೆ ಇಸವಿ ಸಮೇತ ತಿಳಿಸಿ.